ಎದೆಯ ದೊಡ್ಡ ಅಪಧಮನಿಗಳಿಗೆ ಪೆಟ್ಟು: ಎಕ್ಸ್‌ರೇ, ಸಿಟಿಗಳಿಂದ ಪತ್ತೆ ಹಚ್ಚುವ ಕ್ರಮ

ಹೆದ್ದಾರಿ ಅಪಘಾತದ ರೋಗಿ. ಕೋರಿಕೆ ಚೀಟಿಯಲ್ಲಿ ‘ಸಿಟಿ ಎದೆ’ ಎಂಬ ಎರಡೇ ಪದ. ಕಾಂಟ್ರಾಸ್ಟ್ (ರಕ್ತನಾಳಗಳನ್ನು ಬಿಳಿಯಾಗಿ ತೋರಿಸುವ ಔಷಧ) ಕೊಟ್ಟೇ ಇಲ್ಲ, ಕೊಟ್ಟಿದ್ದರೂ ಎಡಗೈಯ ನೀಲಿ ಕ್ಯಾನ್ಯುಲಾದಿಂದ ನಿಧಾನವಾಗಿ ಹೋಗಿದೆ. ಸ್ಲೈಸ್‌ಗಳು 5 ಮಿ.ಮೀ. ದಪ್ಪ. ಕೊನೆಗೆ ವರದಿ ಹೇಳುವುದು ಇಷ್ಟು: ‘ಮಹಾಪಧಮನಿಯ ಸುತ್ತ ರಕ್ತ ಕಂಡಿದೆ, ಸಿಟಿ ಆ್ಯಂಜಿಯೋಗ್ರಾಂ ಮಾಡಿಸಿ.’ ರೋಗಿಯನ್ನು ಮತ್ತೆ ಮೇಜಿನ ಮೇಲೆ ಮಲಗಿಸಬೇಕು, ಮತ್ತೆ ಔಷಧ ಕೊಡಬೇಕು, ಅಷ್ಟರಲ್ಲಿ ಹೊತ್ತು ಕೈಮೀರಿರುತ್ತದೆ.

ಇಂಥ ಸ್ಕ್ಯಾನ್‌ಗಳು ಈಗಲೂ ಬರುತ್ತಲೇ ಇವೆ. ಚಿತ್ರ ಓದುವಾಗ ಎಡವುವವರಿಗಿಂತ ಚಿತ್ರ ತೆಗೆಯುವ ಮೊದಲೇ ಎಡವುವವರು ಹೆಚ್ಚು ಎಂಬುದು ನನ್ನ ತೀರ್ಮಾನ. ಆದ್ದರಿಂದ ತಯಾರಿಯ ಹಂತಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ತುರ್ತು ವಿಭಾಗದ ವೈದ್ಯರು, ಹೌಸ್ ಸರ್ಜನ್‌ಗಳು, ರೇಡಿಯಾಲಜಿ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಸಿಟಿ ತಂತ್ರಜ್ಞರಿಗಾಗಿ ಬರೆದದ್ದು ಇದು. ಚಿಕಿತ್ಸೆಯ ನಿರ್ಧಾರ ನಿಮ್ಮ ಆಸ್ಪತ್ರೆಯ ಹಿರಿಯ ತಂಡದ್ದೇ.

ಮೊದಲೇ ಸಿದ್ಧವಿರಬೇಕಾದವು

18 ಗೇಜ್‌ನ ಹಸಿರು ಕ್ಯಾನ್ಯುಲಾ, ಎರಡು ಸಿರಿಂಜ್‌ಗಳ ಪವರ್ ಇಂಜೆಕ್ಟರ್, ಪ್ರತಿ ಮಿ.ಲೀ.ಗೆ 350 ಮಿ.ಗ್ರಾಂ ಆಸುಪಾಸಿನ ಅಯೋಡಿನ್ ಇರುವ ಕಾಂಟ್ರಾಸ್ಟ್, ಸಲೈನ್, ಮಾನಿಟರ್, ಆಮ್ಲಜನಕ, ಸಕ್ಷನ್. ಯಂತ್ರ ಕನಿಷ್ಠ 16 ಸ್ಲೈಸ್‌ನದಾದರೂ ಆಗಿರಲಿ. 64 ಅಥವಾ ಅದಕ್ಕಿಂತ ಹೆಚ್ಚಿನದಾದರೆ ಒಳ್ಳೆಯದು. ಪಟ್ಟಿಯಲ್ಲಿ ಯಾರೂ ಬರೆದುಕೊಳ್ಳದ ವಸ್ತು ಇನ್ನೊಂದಿದೆ: ರಾತ್ರಿ ಹೊತ್ತು ಫೋನ್ ಎತ್ತುವ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಖ್ಯೆ. ಅದನ್ನು ಸಿಟಿ ಕೊಠಡಿಯ ಗೋಡೆಗೇ ಅಂಟಿಸಿಡಿ.

ಹಂತ 1: ರೋಗಿ ಸಿಟಿ ಮೇಜಿಗೆ ಹೋಗಬಲ್ಲನೇ ಎಂದು ತೀರ್ಮಾನಿಸಿ

ರಕ್ತದೊತ್ತಡ ಕುಸಿದಿದ್ದು, ದ್ರವ ಮತ್ತು ರಕ್ತ ಕೊಟ್ಟರೂ ಏರುತ್ತಿಲ್ಲವಾದರೆ ಸಿಟಿ ಕೊಠಡಿ ಅವನ ಜಾಗವಲ್ಲ. ಶ್ವಾಸಮಾರ್ಗ, ಉಸಿರಾಟ, ರಕ್ತಸ್ರಾವ ಈ ಕ್ರಮ ಮೊದಲು. ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಹಿಡಿದು ಹೃದಯದ ಚೀಲ, ಎದೆಯ ಎರಡೂ ಬದಿ ಮತ್ತು ಹೊಟ್ಟೆಯಲ್ಲಿ ರಕ್ತವಿದೆಯೇ ಎಂದು ನೋಡಿ. ಎದೆಯ ಮತ್ತು ಸೊಂಟದ ಎಕ್ಸ್‌ರೇ ಅಲ್ಲೇ ತೆಗೆಸಿ.

ಇಲ್ಲಿ ಒಂದು ತಿಳಿವಳಿಕೆ ಮುಖ್ಯ. ಮಹಾಪಧಮನಿ ಪೂರ್ತಿ ಒಡೆದವರಲ್ಲಿ ಬಹುಪಾಲು ಜನ ಅಪಘಾತದ ಸ್ಥಳದಲ್ಲೇ ಸಾಯುತ್ತಾರೆ. ಜೀವಂತವಾಗಿ ಆಸ್ಪತ್ರೆ ತಲುಪಿದವನಲ್ಲಿ ಹರಿದ ಜಾಗವನ್ನು ನಾಳದ ಹೊರಪದರ ಮತ್ತು ಸುತ್ತಲಿನ ಅಂಗಾಂಶ ಇನ್ನೂ ಹಿಡಿದಿಟ್ಟಿರುತ್ತವೆ. ಹಾಗಾಗಿ ಅವನ ರಕ್ತದೊತ್ತಡ ಪದೇ ಪದೇ ಕುಸಿಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಬೇರೆಡೆ ಇರುತ್ತದೆ: ಗುಲ್ಮ, ಯಕೃತ್ತು, ಸೊಂಟದ ಮೂಳೆ. ಎಕ್ಸ್‌ರೇಯಲ್ಲಿ ಅಗಲವಾದ ನೆರಳು ಕಂಡಿತೆಂದು ಅದರ ಹಿಂದೆ ಓಡಿ, ಹೊಟ್ಟೆಯೊಳಗೆ ಸುರಿಯುತ್ತಿರುವ ರಕ್ತವನ್ನು ಮರೆಯುವುದು ಈ ಹಂತದ ದೊಡ್ಡ ತಪ್ಪು.

ಹಂತ 2: ಯಾರಲ್ಲಿ ಅನುಮಾನಿಸಬೇಕು

ವೇಗವಾಗಿ ಹೋಗುತ್ತಿದ್ದ ದೇಹ ತಟ್ಟನೆ ನಿಂತಾಗ ಎದೆಯೊಳಗಿನ ಎಲ್ಲ ಭಾಗಗಳೂ ಒಟ್ಟಿಗೆ ನಿಲ್ಲುವುದಿಲ್ಲ. ಮಹಾಪಧಮನಿಯ ಕಮಾನು ಅಷ್ಟಿಷ್ಟು ಅಲುಗಾಡಬಲ್ಲದು. ಅದರ ಮುಂದಿನ ಇಳಿಭಾಗ ಬೆನ್ನುಮೂಳೆಗೆ ಕಟ್ಟಿಹಾಕಿದಂತಿರುತ್ತದೆ. ಇವೆರಡೂ ಸೇರುವ ಜಾಗವೇ ಇಸ್ತಮಸ್, ಎಡಗೈಗೆ ಹೋಗುವ ಎಡ ಸಬ್‌ಕ್ಲೇವಿಯನ್ ಅಪಧಮನಿ ಹುಟ್ಟುವ ಜಾಗದಿಂದ ಸ್ವಲ್ಪವೇ ಕೆಳಗೆ. ಆಸ್ಪತ್ರೆಗೆ ಬರುವವರಲ್ಲಿ ಹರಿತ ಅತಿ ಹೆಚ್ಚಾಗಿ ಇಲ್ಲಿಯೇ ಸಿಗುತ್ತದೆ. ಮಹಾಪಧಮನಿಯ ಬುಡ, ವಪೆಯನ್ನು ದಾಟುವ ಜಾಗ ಮತ್ತು ಕಮಾನಿನ ಮೊದಲ ಕವಲಾದ ಇನ್ನಾಮಿನೇಟ್ ಅಪಧಮನಿಯ ಮೂಲ ಅದರ ನಂತರದವು.

ಕಾರಿನ ಮುಖಾಮುಖಿ ಡಿಕ್ಕಿ ಮಾತ್ರವಲ್ಲ, ಪಕ್ಕದಿಂದ ಬಡಿದ ಡಿಕ್ಕಿಯೂ ಇದನ್ನು ಮಾಡಬಲ್ಲದು. ಬೈಕಿನಿಂದ ಎಸೆಯಲ್ಪಟ್ಟವರು, ವಾಹನ ಬಡಿದ ಪಾದಚಾರಿಗಳು, ಮಗುಚಿದ ಟ್ರ್ಯಾಕ್ಟರಿನಡಿ ಸಿಕ್ಕವರು, ನಮ್ಮ ಮಲೆನಾಡು ಮತ್ತು ಕರಾವಳಿಯಲ್ಲಿ ಅಡಿಕೆ ಮರ, ತೆಂಗಿನ ಮರದಿಂದ ಬಿದ್ದವರು ಎಲ್ಲರೂ ಪಟ್ಟಿಗೆ ಸೇರುತ್ತಾರೆ. ಮರದಿಂದ ಬಿದ್ದವನೆಂದರೆ ಬೆನ್ನುಮೂಳೆ ಮಾತ್ರ ನೋಡಿ ಬಿಡುವ ರೂಢಿಯಿದೆ, ಎದೆಯನ್ನೂ ನೋಡಿ.

ಎಚ್ಚರಿಕೆಯ ಲಕ್ಷಣಗಳು: ಎರಡು ಕೈಗಳ ರಕ್ತದೊತ್ತಡದಲ್ಲಿ ವ್ಯತ್ಯಾಸ, ಕೈಯಲ್ಲಿ ಒತ್ತಡ ಹೆಚ್ಚಿದ್ದು ತೊಡೆಸಂದಿಯ ನಾಡಿ ಕ್ಷೀಣವಾಗಿರುವುದು, ಎರಡು ಭುಜಫಲಕಗಳ ನಡುವೆ ನೋವು, ಕೊರಳೆಲುಬಿನ ಮೇಲೆ ಹಿಗ್ಗುತ್ತಿರುವ ಊತ, ಎದೆಯ ಮೇಲೆ ಸ್ಟೀರಿಂಗ್ ಅಥವಾ ಸೀಟ್ ಬೆಲ್ಟಿನ ಗುರುತು. ಇವು ಯಾವುವೂ ಇಲ್ಲದೆಯೂ ಮಹಾಪಧಮನಿ ಹರಿದಿರಬಹುದು. ಪೆಟ್ಟಿನ ರಭಸವೇ ಸಾಕಷ್ಟು ಕಾರಣ.

ಹಂತ 3: ಎಕ್ಸ್‌ರೇಯನ್ನು ಅದರ ಮಿತಿಯೊಳಗೆ ಓದಿ

ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಎದೆಯ ನಡುಭಾಗ, ಅಂದರೆ ಮೀಡಿಯಾಸ್ಟೈನಮ್, ಯಾರದ್ದೇ ಆದರೂ ಅಗಲವಾಗಿಯೇ ಕಾಣುತ್ತದೆ. ಕಮಾನಿನ ಮಟ್ಟದಲ್ಲಿ 8 ಸೆಂ.ಮೀ. ಮೀರಿದರೆ ಅನುಮಾನಿಸಿ ಎಂಬುದು ಹಳೆಯ ಲೆಕ್ಕ. ನಾನು ಅಗಲಕ್ಕಿಂತ ಅಂಚುಗಳನ್ನು ನಂಬುತ್ತೇನೆ. ಕಮಾನಿನ ಉಬ್ಬಿನ ಗೆರೆ ಮಸುಕಾಗಿದೆಯೇ? ಅದರ ಕೆಳಗೆ, ಶ್ವಾಸಕೋಶದ ಅಪಧಮನಿಗಿಂತ ಮೇಲೆ ಇರಬೇಕಾದ ಕಪ್ಪು ಸಂದು ಮುಚ್ಚಿಹೋಗಿದೆಯೇ? ಶ್ವಾಸನಾಳವೋ ಮೂಗಿನಿಂದ ಹಾಕಿದ ಟ್ಯೂಬೋ ಬಲಕ್ಕೆ ಸರಿದಿದೆಯೇ? ಎಡ ಮುಖ್ಯ ಬ್ರಾಂಕಸ್ (ಶ್ವಾಸನಾಳದ ಎಡ ಕವಲು) ಕೆಳಕ್ಕೆ ಒತ್ತಿದೆಯೇ? ಎಡ ಶ್ವಾಸಕೋಶದ ತುದಿಯ ಮೇಲೆ ಟೋಪಿ ಹಾಕಿದಂತೆ ಬಿಳಿ ಪಟ್ಟಿ ಇದೆಯೇ?

ಒಂದನೇ ಮತ್ತು ಎರಡನೇ ಪಕ್ಕೆಲುಬು, ಎದೆಮೂಳೆ, ಭುಜಫಲಕ ಮುರಿದಿದ್ದರೆ ಪೆಟ್ಟು ಜೋರಾಗಿತ್ತು ಎಂದರ್ಥ. ಅದು ಮಹಾಪಧಮನಿ ಹರಿದಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ತಪ್ಪು ಎರಡೂ ಕಡೆಯಿಂದ ಆಗುತ್ತದೆ. ಅಗಲ ಕಂಡ ಕೂಡಲೇ ರೋಗನಿರ್ಣಯ ಬರೆದುಬಿಡುವವರಿದ್ದಾರೆ. ಎಕ್ಸ್‌ರೇ ಚೆನ್ನಾಗಿದೆ ಎಂದು ಮನೆಗೆ ಕಳಿಸುವವರೂ ಇದ್ದಾರೆ. ಎರಡನೆಯವರೇ ಹೆಚ್ಚು ಅಪಾಯಕಾರಿ. ಮಹಾಪಧಮನಿ ಹರಿದ ಕೆಲವರಲ್ಲಿ ಮೊದಲ ಎಕ್ಸ್‌ರೇ ಸಂಪೂರ್ಣ ಸಹಜವಾಗಿಯೇ ಇರುತ್ತದೆ. ಪೆಟ್ಟಿನ ರಭಸ ಹೆಚ್ಚಿದ್ದರೆ ಎಕ್ಸ್‌ರೇ ಏನೇ ಹೇಳಲಿ, ಸಿಟಿಗೆ ಕಳಿಸಿ.

ಹಂತ 4: ಕೋರಿಕೆಯನ್ನು ಸರಿಯಾಗಿ ಬರೆಯಿರಿ

‘ಎದೆಯ ಸಿಟಿ ಆ್ಯಂಜಿಯೋಗ್ರಾಂ, ಮಹಾಪಧಮನಿಗೆ ಪೆಟ್ಟಿನ ಅನುಮಾನ’ ಎಂದು ಬಿಡಿಸಿ ಬರೆಯಿರಿ. ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್ ಸುತ್ತಲಿನ ರಕ್ತವನ್ನು ತೋರಿಸೀತು, ಒಳಪದರದ ಹರಿತವನ್ನು ತೋರಿಸದು. ಶ್ವಾಸಕೋಶದ ಅಂಗಾಂಶ ನೋಡಲು ತೆಗೆಯುವ ಎಚ್‌ಆರ್‌ಸಿಟಿಯೂ (HRCT) ಇದಕ್ಕೆ ಉಪಯೋಗವಿಲ್ಲ. ಕೋವಿಡ್ ಕಾಲದಿಂದ ಆ ನಾಲ್ಕಕ್ಷರ ಚೀಟಿಗಳ ಮೇಲೆ ತಾನಾಗಿ ಬಂದು ಕೂರುತ್ತದೆ. ಪಲ್ಮನರಿ (ಶ್ವಾಸಕೋಶದ ಅಪಧಮನಿಗಳ) ಆ್ಯಂಜಿಯೋಗ್ರಾಂ ಎಂದು ಬರೆದರೂ ಕೆಟ್ಟಿತು, ಏಕೆಂದರೆ ಆಗ ಕಾಂಟ್ರಾಸ್ಟ್ ಮಹಾಪಧಮನಿ ತುಂಬುವ ಮೊದಲೇ ಸ್ಕ್ಯಾನ್ ಮುಗಿದಿರುತ್ತದೆ.

ಚೀಟಿಯಲ್ಲಿ ಪೆಟ್ಟು ಆದದ್ದು ಹೇಗೆ, ಎಷ್ಟು ಹೊತ್ತಾಯಿತು, ಎರಡೂ ಕೈಗಳ ರಕ್ತದೊತ್ತಡ, ಅಲರ್ಜಿ ಇವಿಷ್ಟು ಇರಲಿ. ಜೀವಕ್ಕೆ ಅಪಾಯವಿರುವಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಗಾಗಿ ಕಾಯಬೇಡಿ. ಗರ್ಭಿಣಿಯಾದರೂ ಅಗತ್ಯವಿರುವ ಸ್ಕ್ಯಾನ್ ತಡೆಯಬೇಡಿ. ತಾಯಿ ಉಳಿದರೆ ಮಾತ್ರ ಮಗು.

ಹಂತ 5: ಬಲಗೈಗೆ ಕ್ಯಾನ್ಯುಲಾ, ತೆಳು ಸ್ಲೈಸ್, ಸರಿಯಾದ ಕ್ಷಣ

ಕ್ಯಾನ್ಯುಲಾ ಬಲ ಮೊಣಕೈ ಮಡಿಕೆಯಲ್ಲಿರಲಿ. ಎಡಗೈಗೆ ಚುಚ್ಚಿದರೆ ದಟ್ಟ ಕಾಂಟ್ರಾಸ್ಟ್ ಎಡ ಬ್ರೇಕಿಯೋಸೆಫಾಲಿಕ್ ಅಭಿಧಮನಿಯ ಮೂಲಕ ಎದೆಯನ್ನು ಅಡ್ಡಡ್ಡ ದಾಟುತ್ತದೆ. ಅದು ಹಾಯುವುದು ಕಮಾನಿನ ಮೂರೂ ಕವಲುಗಳ ಮುಂದೆಯೇ. ಆಗ ಏಳುವ ಬಿಳಿ-ಕಪ್ಪು ಗೆರೆಗಳು ನೀವು ನೋಡಬೇಕಾದ ಜಾಗವನ್ನೇ ಕೆಡಿಸುತ್ತವೆ. ಬಲಗೈ ಅಥವಾ ಬಲ ಕೊರಳೆಲುಬಿನ ಕಡೆಗೇ ಗಾಯವಿದ್ದರೆ ಮಾತ್ರ ಎಡಗೈ ಆರಿಸಿ.

22 ಗೇಜ್‌ನ ನೀಲಿ ಕ್ಯಾನ್ಯುಲಾ ಬೇಕಾದ ವೇಗ ತಡೆಯದು. ಕುತ್ತಿಗೆಯಲ್ಲಿ ಹಾಕಿದ ಸೆಂಟ್ರಲ್ ಲೈನಿಗೆ ಇಂಜೆಕ್ಟರ್ ಜೋಡಿಸುವ ಮೊದಲು ಅದು ಆ ಒತ್ತಡಕ್ಕೆ ತಯಾರಾದದ್ದೇ ಎಂದು ನೋಡಿ.

1. ಮೊದಲು 20 ಮಿ.ಲೀ. ಸಲೈನ್ ಕೈಯಿಂದಲೇ ರಭಸವಾಗಿ ತಳ್ಳಿ, ಚರ್ಮದಡಿ ಉಬ್ಬುತ್ತದೆಯೇ ನೋಡಿ.

2. ಸಾಧ್ಯವಿದ್ದರೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಡಿ. ಇಸಿಜಿ ತಂತಿಗಳನ್ನು ಎದೆಯ ನಡುವಿನಿಂದ ಪಕ್ಕಕ್ಕೆ ಸರಿಸಿ.

3. ವಯಸ್ಕರಿಗೆ ಸಾಮಾನ್ಯವಾಗಿ 80ರಿಂದ 100 ಮಿ.ಲೀ. ಕಾಂಟ್ರಾಸ್ಟ್, ಸೆಕೆಂಡಿಗೆ 4ರಿಂದ 5 ಮಿ.ಲೀ. ವೇಗದಲ್ಲಿ, ಬೆನ್ನಿಗೇ 40 ಮಿ.ಲೀ. ಆಸುಪಾಸು ಸಲೈನ್.

4. ಹೊತ್ತನ್ನು ಊಹಿಸಬೇಡಿ. ಬೋಲಸ್ ಟ್ರ್ಯಾಕಿಂಗ್ (ಕಾಂಟ್ರಾಸ್ಟ್ ಬಂದುದನ್ನು ಯಂತ್ರವೇ ಗಮನಿಸುವ ವ್ಯವಸ್ಥೆ) ಹಾಕಿ, ಅಳೆಯುವ ವೃತ್ತವನ್ನು ಮಹಾಪಧಮನಿಯಲ್ಲಿಟ್ಟು, 100ರಿಂದ 150 ಎಚ್‌ಯು (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಮುಟ್ಟಿದಾಗ ಸ್ಕ್ಯಾನ್ ಶುರುವಾಗಲಿ. ರಕ್ತದೊತ್ತಡ ಕುಸಿದು ಶಾಕ್‌ನಲ್ಲಿರುವವರ ರಕ್ತ ಸಂಚಾರ ನಿಧಾನ. 20 ಸೆಕೆಂಡ್ ಎಂದು ಎಣಿಸಿ ಒತ್ತಿದರೆ ಖಾಲಿ ನಾಳಗಳೇ ಸಿಗುತ್ತವೆ.

5. ಕುತ್ತಿಗೆಯ ಬುಡದಿಂದ ತೊಡೆಸಂದಿಯವರೆಗೆ ತೆಗೆಯಿರಿ. ತೊಡೆಸಂದಿಯಿಂದ ನಾಳದೊಳಗೆ ತೂರಿಸುವ ಆಸರೆಯ ಕೊಳವೆ, ಅಂದರೆ ಸ್ಟೆಂಟ್, ಹಾಕಬೇಕಾದರೆ ಆ ದಾರಿಯ ಅಳತೆ ಬೇಕೇ ಬೇಕು. ಎದೆಗಷ್ಟೇ ತೆಗೆದು ನಿಲ್ಲಿಸಿದ ಸ್ಕ್ಯಾನ್ ನೋಡಿದರೆ ಶಸ್ತ್ರಚಿಕಿತ್ಸಕರು ಮೊದಲು ಕೇಳುವುದು ಇದನ್ನೇ.

6. ರೀಕನ್‌ಸ್ಟ್ರಕ್ಷನ್ (ಯಂತ್ರ ಜೋಡಿಸಿ ಕೊಡುವ ಸ್ಲೈಸ್) 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿರಲಿ.

7. ಸುಮಾರು 70 ಸೆಕೆಂಡಿಗೆ ಎರಡನೇ ಸುತ್ತು ತೆಗೆಯಿರಿ. ಮೊದಲ ಸುತ್ತಿನಲ್ಲಿ ಕಂಡ ಬಿಳಿ ಚುಕ್ಕೆ ಎರಡನೆಯದರಲ್ಲಿ ಹಿಗ್ಗಿ ಹರಡಿದ್ದರೆ ಅದು ಸೋರುತ್ತಿರುವ ರಕ್ತ. ಹೊಟ್ಟೆಯ ಅಂಗಗಳೂ ಇದೇ ಸುತ್ತಿನಲ್ಲಿ ಸರಿಯಾಗಿ ಕಾಣುತ್ತವೆ.

ಮಹಾಪಧಮನಿಯ ಬುಡದ ಬಗ್ಗೆ ಅನುಮಾನವಿದ್ದರೆ ಇಸಿಜಿ ಗೇಟಿಂಗ್ (ಹೃದಯ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಬಳಸಿ. ಎಲ್ಲರಿಗೂ ಅದನ್ನು ಹಾಕುತ್ತಾ ಕೂರುವುದು ಅನವಶ್ಯಕ.

ಹಂತ 6: ಓದುವ ಕ್ರಮ

ಮೊದಲು ವಿಂಡೋ, ಅಂದರೆ ಪರದೆಯ ಕಪ್ಪು-ಬಿಳುಪಿನ ಹೊಂದಾಣಿಕೆ, ಬದಲಿಸಿ. ಮಾಮೂಲಿ ಮೀಡಿಯಾಸ್ಟೈನಮ್ ವಿಂಡೋದಲ್ಲಿ ಕಾಂಟ್ರಾಸ್ಟ್ ತುಂಬಿದ ಮಹಾಪಧಮನಿ ಸುಣ್ಣ ಬಳಿದಷ್ಟು ಬಿಳಿ. ತೆಳುವಾದ ಹರಿದ ಎಳೆ ಆ ಬಿಳುಪಿನಲ್ಲಿ ಮುಳುಗಿಹೋಗುತ್ತದೆ. ವಿಂಡೋ ಅಗಲವನ್ನು 600–700ಕ್ಕೆ ಏರಿಸಿ, ಮಟ್ಟವನ್ನು 200ರ ಸುತ್ತ ಇಟ್ಟು ನೋಡಿ. ಈ ಒಂದು ಕೆಲಸ ಮಾಡದೆ ಸಣ್ಣ ಹರಿತಗಳನ್ನು ಬಿಟ್ಟವರು ಬಹಳ.

ಬಳಿಕ ಅಡ್ಡ ಸ್ಲೈಸ್‌ಗಳಲ್ಲಿ ಮಹಾಪಧಮನಿಯನ್ನು ಬುಡದಿಂದ ವಪೆಯವರೆಗೆ ಒಂದೇ ಓಟದಲ್ಲಿ ಹಿಂಬಾಲಿಸಿ. ಆಮೇಲೆ ಓರೆ ಸಜಿಟಲ್ (ಪಕ್ಕದಿಂದ ನೋಡಿದಂಥ) ಚಿತ್ರ ಮಾಡಿ, ಕಮಾನು ಮತ್ತು ಇಳಿಭಾಗ ಕೊಡೆಯ ಹಿಡಿಯ ಹಾಗೆ ಒಂದೇ ಚಿತ್ರದಲ್ಲಿ ಬರುವಂತೆ. ಇಸ್ತಮಸ್‌ನ ಹೊರಗೆರೆ ಇದರಲ್ಲಿ ತೋರುವಷ್ಟು ಚೆನ್ನಾಗಿ ಬೇರೆಲ್ಲೂ ತೋರದು. ಬಣ್ಣದ ಮೂರು ಆಯಾಮದ ಚಿತ್ರ ರೋಗಿಯ ಮನೆಯವರಿಗೆ ವಿವರಿಸಲು ಚೆಂದ. ಅದನ್ನು ನೋಡಿ ರೋಗನಿರ್ಣಯ ಮಾಡಬೇಡಿ.

ಹುಡುಕಬೇಕಾದ ನೇರ ಚಿಹ್ನೆಗಳು ಇವು: ನಾಳದೊಳಗೆ ತೇಲುವ ಒಳಪದರದ ಎಳೆ, ಗೋಡೆಗೆ ಅಂಟಿದ ಹೆಪ್ಪು, ಹೊರಗೆರೆಯಲ್ಲಿ ಉಬ್ಬು ಅಂದರೆ ಸ್ಯೂಡೋ ಅನ್ಯೂರಿಸಂ, ನಾಳ ಹಠಾತ್ತಾಗಿ ಕಿರಿದಾಗುವುದು, ಕಾಂಟ್ರಾಸ್ಟ್ ಹೊರಗೆ ಸೋರುವುದು. ಒಂದು ಕಂಡರೂ ಸಾಕು.

ಸುತ್ತಲಿನ ರಕ್ತ ಪರೋಕ್ಷ ಚಿಹ್ನೆ ಮಾತ್ರ. ಅದು ಮಹಾಪಧಮನಿಯ ಗೋಡೆಗೆ ತಾಗಿಕೊಂಡಿದೆಯೇ, ನಡುವೆ ಕೊಬ್ಬಿನ ಕಪ್ಪು ಗೆರೆ ಉಳಿದಿದೆಯೇ ನೋಡಿ. ಗೆರೆ ಉಳಿದಿದ್ದು ನಾಳ ಸಹಜವಾಗಿದ್ದರೆ ರಕ್ತ ಬಂದಿರುವುದು ಬಹುಶಃ ಸಣ್ಣ ಅಭಿಧಮನಿಗಳಿಂದ, ಮುರಿದ ಎದೆಮೂಳೆಯಿಂದ ಅಥವಾ ಬೆನ್ನುಮೂಳೆಯಿಂದ. ತಾಗಿಕೊಂಡಿದ್ದರೆ ಆ ಜಾಗವನ್ನು ಮತ್ತೊಮ್ಮೆ, ತೆಳು ಸ್ಲೈಸ್‌ನಲ್ಲಿ, ಎಲ್ಲ ದಿಕ್ಕುಗಳಿಂದ ನೋಡಿ. ಒಳ್ಳೆಯ ಗುಣಮಟ್ಟದ ಸ್ಕ್ಯಾನ್‌ನಲ್ಲಿ ನೇರ ಚಿಹ್ನೆಯೂ ಇಲ್ಲ, ರಕ್ತವೂ ಇಲ್ಲ ಎಂದಾದರೆ ಮಹಾಪಧಮನಿಗೆ ಗಮನಾರ್ಹ ಪೆಟ್ಟಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹೊಟ್ಟೆಯ ಸಿಟಿ ಮಾತ್ರ ಆಗಿದ್ದು, ವಪೆಯ ಹಿಂದೆ ಮಹಾಪಧಮನಿಯ ಸುತ್ತ ರಕ್ತ ಕಂಡರೆ ಅದು ಮೇಲಿನಿಂದ ಇಳಿದು ಬಂದದ್ದಿರಬಹುದು. ಎದೆಯನ್ನೂ ಸ್ಕ್ಯಾನ್ ಮಾಡಿ.

ಹಂತ 7: ಮೋಸ ಮಾಡುವ ಚಿತ್ರಗಳು

ಅತಿ ಹೆಚ್ಚು ಮೋಸ ಮಾಡುವುದು ಡಕ್ಟಸ್ ಡೈವರ್ಟಿಕ್ಯುಲಮ್. ಭ್ರೂಣಾವಸ್ಥೆಯ ನಾಳ ಮುಚ್ಚಿದ ಜಾಗದಲ್ಲಿ ಹಲವರಿಗೆ ಉಳಿಯುವ ಸಹಜ ಉಬ್ಬು ಅದು, ಇರುವುದೂ ಇಸ್ತಮಸ್‌ನಲ್ಲೇ, ಹರಿತ ಸಿಗುವ ಅದೇ ಒಳಬದಿಯಲ್ಲಿ. ಅದರ ಅಂಚು ನಯ, ಗೋಡೆಯನ್ನು ಕೂಡುವ ಕೋನಗಳು ಅಗಲ, ಸುತ್ತ ರಕ್ತವಿಲ್ಲ, ಒಳಗೆ ಎಳೆಯಿಲ್ಲ. ಹರಿತದ ಉಬ್ಬಿಗಾದರೋ ಅಂಚು ಏರುಪೇರು, ಕೋನ ಚೂಪು, ಸುತ್ತ ರಕ್ತ.

ಎರಡನೆಯದು ಹೃದಯದ ಬಡಿತದಿಂದ ಬುಡದ ಹತ್ತಿರ ಮೂಡುವ ಜೋಡಿಗೆರೆ. ಹರಿದ ಎಳೆಯಂತೆಯೇ ಕಾಣುತ್ತದೆ. ಆದರೆ ಗಮನಿಸಿ ನೋಡಿದರೆ ಅದೇ ನಡುಕ ಪಕ್ಕದ ಶ್ವಾಸಕೋಶದ ಅಪಧಮನಿಯ ಅಂಚಿನಲ್ಲೂ ಇರುತ್ತದೆ. ಸಂಶಯ ಹೋಗದಿದ್ದರೆ ಗೇಟಿಂಗ್ ಹಾಕಿ ಮತ್ತೆ ತೆಗೆಯುವುದೇ ದಾರಿ.

ಮಕ್ಕಳಲ್ಲಿ ಮತ್ತು ಎಳೆಯರಲ್ಲಿ ಥೈಮಸ್ ಗ್ರಂಥಿಯನ್ನು ರಕ್ತವೆಂದು ತಿಳಿಯಬೇಡಿ. ಪಕ್ಕೆಲುಬಿನ ನಡುವಿನ ಅಪಧಮನಿ ಹುಟ್ಟುವೆಡೆ ಆಲಿಕೆಯಾಕಾರದ ಸಣ್ಣ ಉಬ್ಬಿದ್ದರೆ ಅದರ ತುದಿಯಿಂದ ನಾಳ ಹೊರಡುತ್ತದೆಯೇ ನೋಡಿ. ಹೊರಟರೆ ಅದು ಸಹಜ. ವಯಸ್ಸಾದವರಲ್ಲಿ ಗೋಡೆಯ ಕೊಬ್ಬಿನ ಹುಣ್ಣು ಗೊಂದಲ ಎಬ್ಬಿಸುತ್ತದೆ. ಸುಣ್ಣ ಕಟ್ಟಿದ ಗೋಡೆ, ಸುತ್ತ ರಕ್ತವಿಲ್ಲದಿರುವುದು ಹಳೆಯ ಕಾಯಿಲೆಯತ್ತ ಬೆರಳು ತೋರುತ್ತವೆ. ಹಳೆಯ ಸ್ಕ್ಯಾನ್ ಏನಾದರೂ ಇದೆಯೇ ಎಂದು ಮನೆಯವರನ್ನು ಕೇಳಿ.

ಹಂತ 8: ಕವಲುಗಳನ್ನೂ, ಇರಿತದ ದಾರಿಯನ್ನೂ ನೋಡಿ

ಮಹಾಪಧಮನಿ ಚೆನ್ನಾಗಿದೆ ಎಂದು ಕಂಡ ಕೂಡಲೇ ಕಣ್ಣು ವಿಶ್ರಾಂತಿ ಬಯಸುತ್ತದೆ. ಅಲ್ಲಿಯೇ ಇನ್ನಾಮಿನೇಟ್ ಅಪಧಮನಿಯ ಮೂಲದ ಹರಿತ ತಪ್ಪಿಹೋಗುವುದು. ರಕ್ತ ಕಮಾನಿಗಿಂತ ಮೇಲೆ, ಬಲಕ್ಕೆ ಹೆಚ್ಚಿದ್ದರೆ ಅದನ್ನು ವಿಶೇಷವಾಗಿ ಹುಡುಕಿ. ಕೊರಳೆಲುಬು, ಒಂದನೇ ಪಕ್ಕೆಲುಬು ಮುರಿದು ಕೈಯಲ್ಲಿ ಬಲವಿಲ್ಲದಿದ್ದರೆ ಸಬ್‌ಕ್ಲೇವಿಯನ್ ಅಪಧಮನಿಯನ್ನು ಕಂಕುಳಿನವರೆಗೆ ಹಿಂಬಾಲಿಸಿ. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆ ಎಂಬುದು ಭರವಸೆಗೆ ಸಾಲದು. ಪಕ್ಕದ ದಾರಿಗಳಿಂದ ರಕ್ತ ಬರುತ್ತಿರಬಹುದು.

ಚೂರಿ, ಗುಂಡಿನ ಗಾಯವಾದರೆ ಸ್ಕ್ಯಾನ್‌ಗೆ ಮೊದಲು ಪ್ರತಿ ಗಾಯದ ಬಾಯಿಗೂ ಒಂದೊಂದು ಪೇಪರ್ ಕ್ಲಿಪ್ ಅಂಟಿಸಿ. ಗಾಳಿ, ರಕ್ತ, ಮೂಳೆ ಚೂರುಗಳನ್ನು ಕೂಡಿಸಿ ದಾರಿ ಎಳೆಯಿರಿ. ಆ ದಾರಿಯ ಪಕ್ಕದ ಪ್ರತಿ ನಾಳವನ್ನೂ, ಶ್ವಾಸಕೋಶದ ಅಪಧಮನಿ ಸೇರಿ, ಪರೀಕ್ಷಿಸಿ. ಲೋಹದ ಚೂರು ಎಬ್ಬಿಸುವ ಗೆರೆಗಳಿಂದ ನಾಳ ಕಾಣದಿದ್ದರೆ ‘ಸಹಜ’ ಎಂದು ಬರೆಯದೆ ‘ನೋಡಲಾಗಲಿಲ್ಲ’ ಎಂದೇ ಬರೆಯಿರಿ. ಎದೆಯಲ್ಲಿ ನೆಟ್ಟಿರುವ ಚೂರಿಯನ್ನು ಚಿತ್ರ ಚೆನ್ನಾಗಿ ಬರಲೆಂದು ಕೀಳಬೇಡಿ.

ಹಂತ 9: ಸಿಟಿ ಸಾಲದಾಗ

ರೋಗಿ ಈಗಾಗಲೇ ಆಪರೇಷನ್ ಮೇಜಿನ ಮೇಲಿದ್ದರೆ ಅನ್ನನಾಳದ ಮೂಲಕ ಮಾಡುವ ಎಕೋ ಉಪಯುಕ್ತ. ಇಸ್ತಮಸ್ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಏರುಭಾಗದ ತುದಿ ಮತ್ತು ಕಮಾನಿನ ಆರಂಭ ಕಾಣುವುದಿಲ್ಲ, ಗಾಳಿ ತುಂಬಿದ ಶ್ವಾಸನಾಳ ಅಡ್ಡ ಬರುತ್ತದೆ. ಅನ್ನನಾಳಕ್ಕೆ ಗಾಯದ ಅನುಮಾನವಿದ್ದರೆ, ಕತ್ತಿನ ಮೂಳೆ ಭದ್ರವಿಲ್ಲದಿದ್ದರೆ ಇದನ್ನು ಮಾಡಬಾರದು.

ಕ್ಯಾಥೆಟರ್ ಆ್ಯಂಜಿಯೋಗ್ರಾಂ ಈಗ ಉಳಿದಿರುವುದು ಎರಡು ಕೆಲಸಕ್ಕೆ: ಸಿಟಿ ಉತ್ತರ ಹೇಳದಿದ್ದಾಗ, ಅದೇ ಕೂರಿಕೆಯಲ್ಲಿ ಸ್ಟೆಂಟ್ ಹಾಕುವಾಗ. ಎಂಆರ್‌ಐ ತುರ್ತಿನ ಹೊತ್ತಿಗೆ ಬೇಡ.

ಹಂತ 10: ದರ್ಜೆ, ಅಳತೆ, ಫೋನ್ ಕರೆ

ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಾ ಸಂಘ 2011ರ ಮಾರ್ಗಸೂಚಿಯಲ್ಲಿ ಬಳಸಿದ ನಾಲ್ಕು ದರ್ಜೆಗಳು ಈಗ ಎಲ್ಲೆಡೆ ಬಳಕೆಯಲ್ಲಿವೆ. ಒಂದನೆಯದು ಒಳಪದರದ ಹರಿತ, ಎರಡನೆಯದು ಗೋಡೆಯೊಳಗೆ ರಕ್ತ, ಮೂರನೆಯದು ಸ್ಯೂಡೋ ಅನ್ಯೂರಿಸಂ, ನಾಲ್ಕನೆಯದು ಒಡೆದ ನಾಳ. ಹೊರಗೆರೆ ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಅಲ್ಲೇ ಕವಲೊಡೆಯುತ್ತದೆ.

ಅಳತೆಗಳು: ಎಡ ಸಬ್‌ಕ್ಲೇವಿಯನ್ ಮೂಲದಿಂದ ಹರಿತಕ್ಕೆ ಇರುವ ದೂರ, ಹರಿತದ ಉದ್ದ, ಅದರ ಮೇಲೂ ಕೆಳಗೂ ಮಹಾಪಧಮನಿಯ ವ್ಯಾಸ, ತೊಡೆಸಂದಿಯ ಅಪಧಮನಿಗಳ ವ್ಯಾಸ. ಸ್ಟೆಂಟ್ ಹಿಡಿದು ನಿಲ್ಲಲು ಸಾಮಾನ್ಯವಾಗಿ 20 ಮಿ.ಮೀ. ಆರೋಗ್ಯವಂತ ಗೋಡೆ ಬೇಕು. ಅಷ್ಟು ಇಲ್ಲದಿದ್ದರೆ ಎಡ ಸಬ್‌ಕ್ಲೇವಿಯನ್ ಬಾಯಿಯನ್ನು ಮುಚ್ಚಬೇಕಾದೀತು. ಹಾಗಾಗಿ ಅದರಿಂದ ಹೊರಟು ಮೆದುಳಿಗೆ ರಕ್ತ ಒಯ್ಯುವ ಎಡ ವರ್ಟಿಬ್ರಲ್ ಅಪಧಮನಿ ದೊಡ್ಡದೇ, ಅದು ನೇರ ಕಮಾನಿನಿಂದಲೇ ಹುಟ್ಟಿದೆಯೇ ಎಂಬುದನ್ನೂ ಬರೆಯಿರಿ. ರಕ್ತ ಕಳೆದುಕೊಂಡವರಲ್ಲಿ ಮಹಾಪಧಮನಿ ಕುಗ್ಗಿರುತ್ತದೆ. ಸ್ಕ್ಯಾನ್ ಹೊತ್ತಿನ ರಕ್ತದೊತ್ತಡವನ್ನು ಅಳತೆಯ ಪಕ್ಕದಲ್ಲೇ ಬರೆದರೆ ಚಿಕ್ಕ ಸ್ಟೆಂಟ್ ಆರಿಸುವ ತಪ್ಪು ತಪ್ಪುತ್ತದೆ.

ವರದಿ ಟೈಪಾಗುವವರೆಗೆ ಕಾಯದೆ ಫೋನ್ ಮಾಡಿ. ತುರ್ತು ವಿಭಾಗದವರು ಕೂಡಲೇ ಹಿರಿಯರೊಂದಿಗೆ ಮಾತನಾಡಿ ರಕ್ತದೊತ್ತಡ ಮತ್ತು ನಾಡಿಯ ವೇಗವನ್ನು ಹತೋಟಿಗೆ ತರಬೇಕಾಗುತ್ತದೆ. ತಲೆಗೂ ಪೆಟ್ಟಾಗಿದ್ದರೆ ಒತ್ತಡ ಇಳಿಸುವುದು ಮೆದುಳಿಗೆ ಕೇಡು, ಆದ್ದರಿಂದ ಆ ವಿಷಯವನ್ನೂ ಅದೇ ಕರೆಯಲ್ಲಿ ಹೇಳಿ. ಸ್ಟೆಂಟ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕಳಿಸುವುದಾದರೆ ಮುದ್ರಿತ ಫಿಲ್ಮ್ ಸಾಲದು, ಮೊಬೈಲಿನಲ್ಲಿ ತೆಗೆದ ಪರದೆಯ ಫೋಟೋ ಖಂಡಿತ ಸಾಲದು. 1 ಮಿ.ಮೀ. ಸ್ಲೈಸ್‌ಗಳ ಡೈಕಾಮ್ (ಮೂಲ ಸ್ಕ್ಯಾನ್ ಚಿತ್ರಗಳ) ಕಡತಗಳನ್ನು ಸಿಡಿಗೆ ಹಾಕಿ, 108 ಆಂಬ್ಯುಲೆನ್ಸ್ ಹೊರಡುವ ಮೊದಲು ಆ ಸಿಡಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ.

ಒಂದನೇ ದರ್ಜೆಯವರನ್ನು ಸಾಮಾನ್ಯವಾಗಿ ಔಷಧದ ಮೇಲೆಯೇ ಇಟ್ಟು, ಎರಡು-ಮೂರು ದಿನಗಳೊಳಗೆ ಸಿಟಿ ಮತ್ತೆ ತೆಗೆಯುತ್ತಾರೆ. ಆಗಲೂ ಕ್ಯಾನ್ಯುಲಾ ಬಲಗೈಗೇ, ಸ್ಲೈಸ್ ಅಷ್ಟೇ ತೆಳು. ಮೊದಲ ಸ್ಕ್ಯಾನ್ 1 ಮಿ.ಮೀ., ಎರಡನೆಯದು 5 ಮಿ.ಮೀ. ಆದರೆ ಎಳೆ ವಾಸಿಯಾಯಿತೋ ದಪ್ಪ ಸ್ಲೈಸ್‌ನಲ್ಲಿ ಕಾಣದಾಯಿತೋ ಎಂದು ಯಾರಿಗೂ ಹೇಳಲಾಗದು.